ದಿನ ಎಣಿಸಿ ಬರುವ ಹಬ್ಬ

2024ರ ಜೂನ್ 11, ಮಂಗಳವಾರ. ಪಂಚಾಂಗದ ಪ್ರಕಾರ ಅಂದು ಜ್ಯೇಷ್ಠ ಶುದ್ಧ ಪಂಚಮಿ. ಜೈನರಿಗೆ ಅದು ಶ್ರುತಪಂಚಮಿ, ಶಾಸ್ತ್ರಗ್ರಂಥಗಳನ್ನು ಪೂಜಿಸುವ ದಿನ. ಅಂದೇ ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಯಹೂದ್ಯರಿಗೆ ಶಾವೂತ್ ಹಬ್ಬ ಆರಂಭವಾಯಿತು. ಅದೂ ಗ್ರಂಥದ ಹಬ್ಬವೇ. ಸೀನಾಯಿ ಬೆಟ್ಟದಲ್ಲಿ ಮೋಶೆಯ ಮೂಲಕ ತಮ್ಮ ಹಿರಿಯರಿಗೆ ತೋರಾ ದೊರೆತ ದಿನವೆಂದು ಅವರು ಅದನ್ನು ಆಚರಿಸುತ್ತಾರೆ. ಭಟ್ಕಳದ ಬಂದರಿನಲ್ಲಿ ಆ ಹೊತ್ತಿಗೆ ಮೀನುಗಾರಿಕೆ ನಿಷೇಧ ಶುರುವಾಗಿ ಹತ್ತು ದಿನ ಕಳೆದಿತ್ತು. ಯಾಂತ್ರಿಕ ದೋಣಿಗಳೆಲ್ಲ ದಡ ಸೇರಿದ್ದವು. ಭಟ್ಕಳದಲ್ಲಿ ಜೈನ ಬಸದಿ ಉಂಟು, ಸಿನಗಾಗ್ ಇಲ್ಲ. ಆದರೂ ಶಾವೂತ್ ಹಬ್ಬದ ಕಥೆ ಈ ಕರಾವಳಿಯನ್ನು ಒಂದೆರಡು ಸಲ ಹಾದು ಹೋಗಿದೆ.

ಎರಡು ದೂರದ ಸಮುದಾಯಗಳ ಗ್ರಂಥದ ಹಬ್ಬಗಳು ಒಂದೇ ಹೊತ್ತಿಗೆ ಬಂದದ್ದು ಆ ವರ್ಷದ ಆಕಸ್ಮಿಕವೇನೂ ಅಲ್ಲ. 2022ರಲ್ಲಿ ಶ್ರುತಪಂಚಮಿ ಜೂನ್ 4ರಂದು, ಶಾವೂತ್ ಮರುದಿನ. 2025ರಲ್ಲಿ ಮೇ 31 ಮತ್ತು ಜೂನ್ 2. ಇದಕ್ಕೆ ಕಾರಣ ಆಕಾಶದಲ್ಲಿದೆ. ಅದನ್ನು ತಿಳಿಯಲು ಶಾವೂತ್ ಎಂಬ ಹೆಸರಿನಿಂದಲೇ ತೊಡಗಬೇಕು.

ಹೀಬ್ರೂ ಭಾಷೆಯಲ್ಲಿ ಶಾವೂತ್ ಎಂದರೆ ವಾರಗಳು. ಬೇರೆ ಹಬ್ಬಗಳಿಗೆ ತೋರಾದಲ್ಲಿ ಇಂಥ ತಿಂಗಳ ಇಂಥ ದಿನ ಎಂದು ಹೇಳಿದೆ. ಈ ಹಬ್ಬಕ್ಕೆ ಮಾತ್ರ ತಿಥಿಯನ್ನೇ ಹೇಳಿಲ್ಲ, ಎಣಿಸಿಕೊಳ್ಳಿ ಎಂದಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಿದ್ದ ನೆನಪಿನ ಪಸ್ಕ ಹಬ್ಬ ಚೈತ್ರ ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ. ಅದರ ಎರಡನೆಯ ರಾತ್ರಿಯಿಂದ ಎಣಿಕೆ ಶುರು. ಏಳು ವಾರ, ಅಂದರೆ ಏಳೇಳಲ ನಲವತ್ತೊಂಬತ್ತು ದಿನ. ಐವತ್ತನೆಯ ದಿನ ಶಾವೂತ್. ದೇವಾಲಯವಿದ್ದ ಕಾಲದಲ್ಲಿ ಎಣಿಕೆಯ ಮೊದಲ ದಿನ ಹೊಸ ಜವೆಗೋದಿಯನ್ನು ಒಂದು ಓಮೆರ್ ಅಳೆದು ಅರ್ಪಿಸುತ್ತಿದ್ದರು. ಓಮೆರ್ ಎಂಬುದು ನಮ್ಮ ಸೇರು, ಕೊಳಗಗಳಂತೆ ಒಂದು ಅಳತೆ. ಐವತ್ತನೆಯ ದಿನಕ್ಕೆ ಗೋದಿಯ ಕೊಯ್ಲು. ಹೊಸ ಗೋದಿಯ ಎರಡು ರೊಟ್ಟಿಗಳ ಅರ್ಪಣೆ. ಮೂಲದಲ್ಲಿ ಇದು ಸುಗ್ಗಿ ಹಬ್ಬ. ದೇವಾಲಯ ಕ್ರಿ.ಶ. 70ರಲ್ಲಿ ರೋಮನರ ಕೈಯಲ್ಲಿ ನಾಶವಾಯಿತು, ರೊಟ್ಟಿಯ ಅರ್ಪಣೆ ನಿಂತಿತು. ಎಣಿಕೆ ನಿಲ್ಲಲಿಲ್ಲ.

ಈಗಲೂ ಪ್ರತಿ ರಾತ್ರಿ ಒಂದು ಸಣ್ಣ ಸ್ತುತಿ ಹೇಳಿ, ‘ಇಂದು ಹದಿನೇಳನೆಯ ದಿನ, ಅಂದರೆ ಎರಡು ವಾರ ಮೂರು ದಿನ’ ಎಂಬ ಧಾಟಿಯಲ್ಲಿ ಬಾಯಿಬಿಟ್ಟು ಎಣಿಸುತ್ತಾರೆ. ಮನಸ್ಸಿನಲ್ಲಿ ಎಣಿಸಿದರೆ ಸಾಲದು. ನಡುವೆ ಒಂದು ಇಡೀ ದಿನ ಮರೆತುಹೋದರೆ ಮುಂದಿನ ದಿನಗಳನ್ನು ಎಣಿಸಬಹುದು, ಆದರೆ ಸ್ತುತಿ ಹೇಳುವ ಹಾಗಿಲ್ಲ. ಶಾಲೆಯ ಹಾಜರಿ ಪುಸ್ತಕ ನೋಡಿಕೊಳ್ಳುವವರಿಗೆ ಈ ಕಟ್ಟುನಿಟ್ಟು ಚೆನ್ನಾಗಿ ಅರ್ಥವಾದೀತು. ಹೊನ್ನಾವರ, ಕುಮಟಾ, ಕಾರವಾರಗಳ ಕ್ರೈಸ್ತರಿಗೂ ಈ ಐವತ್ತರ ಲೆಕ್ಕ ಹೊಸದಲ್ಲ. ಕನ್ನಡ ಬೈಬಲಿನಲ್ಲಿ ‘ಪಂಚಾಶತ್ತಮ ದಿನದ ಹಬ್ಬ’ ಎಂದು ಬರುವುದು ಇದೇ ಶಾವೂತ್. ಯೇಸುವಿನ ಶಿಷ್ಯರು ಜೆರೂಸಲೇಮಿನಲ್ಲಿ ಸೇರಿದ್ದದ್ದು ಈ ಹಬ್ಬದಂದು. ಅದರಿಂದಲೇ ಚರ್ಚಿನ ಪೆಂಟೆಕೋಸ್ಟ್ ಭಾನುವಾರ ಹುಟ್ಟಿತು.

ಎಣಿಸಿ ಬರುವ ಹಬ್ಬವಾದ್ದರಿಂದ ಇದಕ್ಕೊಂದು ಗಣಿತದ ಸ್ವಾರಸ್ಯವೂ ಉಂಟು. ಅಮಾವಾಸ್ಯೆ ಕಳೆದು ಎಳೆಯ ಚಂದ್ರ ಕಂಡಾಗ ತಿಂಗಳು ಶುರುವೆಂದು ಸಾರುತ್ತಿದ್ದ ಕಾಲದಲ್ಲಿ ತಿಂಗಳಿಗೆ 29 ದಿನವೋ 30 ದಿನವೋ ಎಂಬುದು ಮೊದಲೇ ಗೊತ್ತಿರುತ್ತಿರಲಿಲ್ಲ. ನಿಸಾನ್ ತಿಂಗಳ 16ರಿಂದ ಎಣಿಕೆ. ನಿಸಾನ್, ಇಯಾರ್ ಎರಡಕ್ಕೂ 30 ದಿನ ಬಂದರೆ ಐವತ್ತನೆಯ ದಿನ ಸೀವಾನ್ ತಿಂಗಳ 5. ಎರಡಕ್ಕೂ 29 ಬಂದರೆ 7. ಒಂದು 30, ಇನ್ನೊಂದು 29 ಆದರೆ 6. ಮುಂದೆ ಪಂಚಾಂಗವನ್ನು ಗಣಿತದಿಂದಲೇ ಸ್ಥಿರಪಡಿಸಿ ನಿಸಾನ್‌ಗೆ ಯಾವಾಗಲೂ 30, ಇಯಾರ್‌ಗೆ ಯಾವಾಗಲೂ 29 ಎಂದು ಗೊತ್ತುಮಾಡಿದ ಮೇಲೆ ಶಾವೂತ್ ಸೀವಾನ್ 6ಕ್ಕೆ ನಿಂತಿತು. ಇಸ್ರೇಲಿನ ಹೊರಗಿರುವ ಸಂಪ್ರದಾಯಸ್ಥರು 7ನ್ನೂ ಸೇರಿಸಿ ಎರಡು ದಿನ ಆಚರಿಸುತ್ತಾರೆ. ಚಂದ್ರ ಕಂಡ ಸುದ್ದಿ ದೂರದ ಊರಿಗೆ ತಡವಾಗಿ ತಲಪುತ್ತಿದ್ದ ಕಾಲದ ಎಚ್ಚರಿಕೆ ಅದು, ಇನ್ನೂ ಉಳಿದುಕೊಂಡಿದೆ.

ಯಹೂದ್ಯರ ತಿಂಗಳು ನಮ್ಮ ಚಾಂದ್ರಮಾನ ತಿಂಗಳಿನಂತೆಯೇ ಅಮಾವಾಸ್ಯೆಯ ಬೆನ್ನಿಗೆ ಶುರುವಾಗುತ್ತದೆ. ಹನ್ನೆರಡು ಚಾಂದ್ರ ತಿಂಗಳಿಗೆ ಸುಮಾರು 354 ದಿನ. ಸೌರ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಮುಸ್ಲಿಮರ ಹಿಜರಿ ಪಂಚಾಂಗ ಆ ಕೊರತೆಯನ್ನು ತುಂಬುವುದಿಲ್ಲ, ಹಾಗಾಗಿ ರಂಜಾನ್ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಾವು ಅಧಿಕ ಮಾಸ ಸೇರಿಸುತ್ತೇವೆ. ಯಹೂದ್ಯರೂ ಸೇರಿಸುತ್ತಾರೆ: ಹತ್ತೊಂಬತ್ತು ವರ್ಷಕ್ಕೆ ಏಳು ಸಲ. ಹತ್ತೊಂಬತ್ತು ಸೌರ ವರ್ಷಗಳಲ್ಲಿ ಹೆಚ್ಚೂಕಡಿಮೆ ಸರಿಯಾಗಿ 235 ಚಾಂದ್ರ ತಿಂಗಳುಗಳು ಹಿಡಿಯುತ್ತವೆ. ಹನ್ನೆರಡರಂತೆ ಗುಣಿಸಿದರೆ 228, ಮೇಲೆ ಏಳು. ಹೀಗಾಗಿ ನಮ್ಮ ಜ್ಯೇಷ್ಠ ಮತ್ತು ಅವರ ಸೀವಾನ್ ಹೆಚ್ಚಿನ ವರ್ಷಗಳಲ್ಲಿ ಜೊತೆಗೂಡುತ್ತವೆ. ಅಧಿಕ ಮಾಸವನ್ನು ಇಬ್ಬರೂ ಒಂದೇ ವರ್ಷ, ಒಂದೇ ಜಾಗದಲ್ಲಿ ಸೇರಿಸುವುದಿಲ್ಲವಾದ್ದರಿಂದ ಕೆಲವೊಮ್ಮೆ ಒಂದು ತಿಂಗಳು ತಪ್ಪುತ್ತದೆ. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ. ಶಾವೂತ್ ಆ ಅಧಿಕ ಮಾಸದಲ್ಲಿ ಮೇ 22ರಂದು, ಶ್ರುತಪಂಚಮಿ ನಿಜ ಜ್ಯೇಷ್ಠದಲ್ಲಿ.

ಲೆಕ್ಕ ಸಾಕು. ಹಬ್ಬದ ದಿನ ಏನು ಮಾಡುತ್ತಾರೆ?

ಶಾವೂತ್‌ಗೆ ವಿಶೇಷ ಸಾಮಗ್ರಿಯೇ ಇಲ್ಲ. ಪಸ್ಕಕ್ಕೆ ಹುಳಿಯಿಲ್ಲದ ರೊಟ್ಟಿ ಬೇಕು, ಪರ್ಣಶಾಲೆಗಳ ಹಬ್ಬಕ್ಕೆ ಸೊಪ್ಪಿನ ಚಪ್ಪರ ಬೇಕು. ಇದಕ್ಕೆ ಗ್ರಂಥ ಮತ್ತು ಅದನ್ನು ಕೇಳುವ ಕಿವಿಗಳು ಮಾತ್ರ ಸಾಕು. ಸಿನಗಾಗನ್ನು ಹಸಿರೆಲೆ, ಹೂಗಳಿಂದ ಸಿಂಗರಿಸುವ ರೂಢಿ ಉಂಟು. ಊಟಕ್ಕೆ ಹಾಲು, ಗಿಣ್ಣುಗಳ ತಿಂಡಿಗಳು. ಕಾರಣವಾಗಿ ಹಲವು ಕಥೆಗಳಿವೆ. ಪ್ರಾಣಿವಧೆಯ ನಿಯಮಗಳು ಆ ದಿನವಷ್ಟೇ ತಿಳಿದಿದ್ದವು, ಅದಕ್ಕೆ ತಕ್ಕ ಪಾತ್ರೆ ಕತ್ತಿಗಳು ಸಿದ್ಧವಿರಲಿಲ್ಲ, ಹಾಗಾಗಿ ಹಿರಿಯರು ಹಾಲಿನ ಅಡುಗೆ ಉಂಡರು ಎಂಬುದು ಅವುಗಳಲ್ಲೊಂದು. ಗೃಹಿಣಿಯ ದೃಷ್ಟಿಯಿಂದ ನೋಡಿದರೆ ಇದೇ ಹೆಚ್ಚು ನಂಬುವಂತಿದೆ.

ಹಬ್ಬದ ರಾತ್ರಿ ಜಾಗರಣೆ. ಬೆಳಗಿನವರೆಗೆ ಕುಳಿತು ಶಾಸ್ತ್ರ ಓದುತ್ತಾರೆ, ಚರ್ಚಿಸುತ್ತಾರೆ. ಸೀನಾಯಿ ಬೆಟ್ಟದ ಬುಡದಲ್ಲಿ ಆ ಮುಂಜಾನೆ ಜನ ನಿದ್ದೆಹೋಗಿದ್ದರಂತೆ, ಅದಕ್ಕೆ ಪ್ರಾಯಶ್ಚಿತ್ತವಂತೆ. ಈ ರೂಢಿ ಬಲವಾಗಿ ಹರಡಿದ್ದು ಹದಿನಾರನೆಯ ಶತಮಾನದಲ್ಲಿ, ಗಲಿಲಾಯದ ಸಫೇದ್ ಊರಿನ ಅನುಭಾವಿಗಳಿಂದ. ಅದೇ ಕಾಲದಲ್ಲಿ ಆ ಸೀಮೆಯಲ್ಲಿ ಕಾಫಿ ಕುಡಿಯುವ ಅಭ್ಯಾಸವೂ ಹರಡುತ್ತಿತ್ತು. ಎರಡಕ್ಕೂ ಸಂಬಂಧವಿದೆ ಎಂದು ಇತಿಹಾಸಕಾರ ಎಲಿಯಟ್ ಹೊರೋವಿಟ್ಸ್ ವಾದಿಸಿದ್ದಾರೆ. ಯೆಮೆನಿನಿಂದ ಬಾಬಾಬುಡನ್ ಗಿರಿಗೆ ಬಂದ ಬೀಜದ ಕಥೆ ಗೊತ್ತಿರುವ ಕನ್ನಡಿಗರಿಗೆ, ಅದೇ ಯೆಮೆನಿನ ಕಾಫಿ ಇನ್ನೊಂದೆಡೆ ಶಾಸ್ತ್ರಾಧ್ಯಯನಕ್ಕೆ ನಿದ್ದೆಗೆಡಿಸಿತೆಂದರೆ ಆಶ್ಚರ್ಯವಾಗಲಾರದು.

ಬೆಳಗ್ಗೆ ಸಿನಗಾಗಿನ ಗೋಡೆಯಲ್ಲಿರುವ ಪವಿತ್ರ ಕಪಾಟಿನ ಪರದೆ ಸರಿಸಿ ತೋರಾ ಸುರುಳಿಯನ್ನು ಹೊರತರುತ್ತಾರೆ. ಆ ಕಪಾಟು ಜೆರೂಸಲೇಮಿನ ದಿಕ್ಕಿಗಿರಬೇಕು. ಭಾರತದಲ್ಲಿ ಅದು ಪಶ್ಚಿಮ. ಸುರುಳಿ ಚರ್ಮದ ಹಾಳೆಗಳದು, ಕೈಯಿಂದ ಬರೆದದ್ದು. ಅದರಲ್ಲಿ 3,04,805 ಅಕ್ಷರಗಳೆಂದು ಸಂಪ್ರದಾಯದ ಲೆಕ್ಕ. ಒಂದೇ ಒಂದು ಅಕ್ಷರ ಅಳಿಸಿಹೋದರೂ, ತಪ್ಪಿದ್ದರೂ, ತಿದ್ದುವ ತನಕ ಆ ಸುರುಳಿಯನ್ನು ಸಭೆಯಲ್ಲಿ ಓದುವಂತಿಲ್ಲ. ಬರಹದಲ್ಲಿ ಸ್ವರಚಿಹ್ನೆಗಳಿಲ್ಲ, ರಾಗದ ಗುರುತಿಲ್ಲ. ನಮ್ಮ ಕಾಗುಣಿತದಲ್ಲಿ ಇಳಿ, ಗುಡಿಸು, ಕೊಂಬು, ಏತ್ವಗಳನ್ನೆಲ್ಲ ತೆಗೆದು ಬರೀ ವ್ಯಂಜನಗಳನ್ನು ಸಾಲಾಗಿ ಬರೆದಿಟ್ಟರೆ ಹೇಗೋ ಹಾಗೆ. ಓದುವವನು ಕಲಿತು, ನೆನಪಿಟ್ಟು, ಬೆಳ್ಳಿಯ ಪುಟ್ಟ ಕೈಯಾಕಾರದ ಕಡ್ಡಿಯಿಂದ ಸಾಲು ತೋರಿಸಿಕೊಂಡು ರಾಗವಾಗಿ ಓದುತ್ತಾನೆ. ದಶಾಜ್ಞೆಗಳ ಭಾಗ ಬಂದಾಗ ಸಭೆಯೆಲ್ಲ ಎದ್ದು ನಿಲ್ಲುವುದು ವಾಡಿಕೆ. ಸೆಫಾರ್ದಿ ಪದ್ಧತಿಯವರು ಈ ದಿನ ಒಂದು ಲಗ್ನಪತ್ರವನ್ನೂ ಓದುವುದುಂಟು. ದೇವರಿಗೂ ಇಸ್ರಾಯೇಲ್ ಜನಕ್ಕೂ ಸೀನಾಯಿಯಲ್ಲಿ ಮದುವೆಯಾಯಿತೆಂಬ ಭಾವ.

ಆದರೆ ಸುರುಳಿ ಬಿಚ್ಚಿ ಸ್ತುತಿ ಹೇಳಿ ಓದಬೇಕಾದರೆ ಕನಿಷ್ಠ ಹತ್ತು ಮಂದಿ ವಯಸ್ಕರು ಕೂಡಬೇಕು. ಸಂಪ್ರದಾಯಸ್ಥರ ಲೆಕ್ಕದಲ್ಲಿ ಹದಿಮೂರು ದಾಟಿದ ಹತ್ತು ಗಂಡಸರು; ಸುಧಾರಿತ ಪಂಥಗಳು ಹೆಂಗಸರನ್ನೂ ಎಣಿಸುತ್ತವೆ. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಒಂಬತ್ತು ಮಂದಿ ಪಂಡಿತರಿದ್ದರೂ ಸಾಲದು, ಹತ್ತನೆಯವನು ಅಕ್ಷರ ಬಾರದವನಾದರೂ ಸಾಕು. ತಮಾಷೆಯೆಂದರೆ ಈ ಹತ್ತನ್ನು ಒಂದು, ಎರಡು, ಮೂರು ಎಂದು ಎಣಿಸಬಾರದು. ಮನುಷ್ಯರನ್ನು ಅಂಕಿಯಿಂದ ಎಣಿಸುವುದು ಒಳ್ಳೆಯದಲ್ಲ ಎಂಬ ನಂಬಿಕೆ. ಅದಕ್ಕಾಗಿ ಕೀರ್ತನೆಗಳ ಗ್ರಂಥದ ಒಂದು ವಾಕ್ಯ ಹೇಳುತ್ತಾರೆ. ಹೀಬ್ರೂವಿನಲ್ಲಿ ಅದಕ್ಕೆ ಸರಿಯಾಗಿ ಹತ್ತು ಪದ. ಒಬ್ಬೊಬ್ಬನಿಗೆ ಒಂದೊಂದು ಪದ. ಕಣದಲ್ಲಿ ಭತ್ತ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಶುರುಮಾಡುವ ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೀಗೆ ಈ ಹಬ್ಬಕ್ಕೆ ಎರಡು ಎಣಿಕೆ. ದಿನಗಳನ್ನು ಒಬ್ಬನೇ ಎಣಿಸಬಹುದು. ಗ್ರಂಥ ತೆರೆಯಲು ಹತ್ತು ಜನ ಬೇಕು. ನಮ್ಮ ಕರಾವಳಿಯ ಕಥೆ ಇರುವುದು ಇವೆರಡರ ನಡುವೆ.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದ್ಯ ವ್ಯಾಪಾರಿ ಮಂಗಳೂರಿನಲ್ಲಿದ್ದ. ಟ್ಯುನೀಸಿಯದ ಮಹದಿಯಾ ಊರಿನವನು, ಏಡನ್ ಮೂಲಕ ಇಲ್ಲಿಗೆ ಬಂದವನು. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದು, 1149ರಲ್ಲಿ ಏಡನ್‌ಗೆ ಮರಳಿದ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ ಕಳುಹಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿಯ ಜೊತೆಗೆ ಬಿಳಿ ಕಾಗದದ ಕಟ್ಟುಗಳನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ನಮ್ಮಲ್ಲಿ ಆಗ ಓಲೆಗರಿಯ ಕಾಲ. ಇಷ್ಟೆಲ್ಲ ತಿಳಿದದ್ದು ಅವನ ಕಾಗದಪತ್ರಗಳಿಂದ. ದೇವರ ಹೆಸರಿರಬಹುದಾದ ಯಾವ ಬರಹವನ್ನೂ ಯಹೂದ್ಯರು ಎಸೆಯುವುದಿಲ್ಲ. ಕೈರೋದ ಹಳೆಯ ಭಾಗದ ಬೆನ್ ಎಜ್ರಾ ಸಿನಗಾಗಿನಲ್ಲಿ ಅಂಥ ಹಾಳೆಗಳನ್ನು ಹಾಕಿಡುವ ಕೋಣೆಯೊಂದಿತ್ತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅಲ್ಲಿನ ರಾಶಿಯನ್ನು ಕೇಂಬ್ರಿಜ್‌ಗೆ ಒಯ್ದರು. ಎಸ್.ಡಿ. ಗೊಯಿಟೈನ್ ಅದರೊಳಗಿನ ಭಾರತದ ವ್ಯಾಪಾರದ ಪತ್ರಗಳನ್ನು ಓದಿ ಬಿಡಿಸಿದರು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಮೂಲಕ ಬೆನ್ ಯಿಜು ಮತ್ತು ಅವನ ಆಳು ಬೊಮ್ಮ ಲೋಕಕ್ಕೆಲ್ಲ ಪರಿಚಿತರಾದರು.

ಶಾವೂತ್ ಬರುವುದು ಮೇ ನಡುವಿನಿಂದ ಜೂನ್ ನಡುವಿನೊಳಗೆ. ಹಾಯಿಹಡಗಿನ ಕಾಲದಲ್ಲಿ ಮುಂಗಾರು ಬಿತ್ತೆಂದರೆ ಮಲಬಾರ್ ತೀರದ ಬಂದರುಗಳು ಬಾಗಿಲು ಹಾಕಿದಂತೆಯೇ. ಭಟ್ಕಳವೂ ಅಷ್ಟೇ, ಹೊನ್ನಾವರವೂ ಅಷ್ಟೇ, ಮಂಗಳೂರೂ ಅಷ್ಟೇ. ಹಿಂದಿರುಗಬೇಕಾದವರು ಮೊದಲೇ ಹೊರಟಿರಬೇಕು, ಉಳಿದವರು ಮಳೆಗಾಲ ಕಳೆಯುವ ತನಕ ಉಳಿಯಬೇಕು. ಯಹೂದ್ಯರ ನಾಡಿನಲ್ಲಿ ಗೋದಿ ಕೊಯ್ಯುವ ಹಬ್ಬ ಇಲ್ಲಿ ಭತ್ತ ಬಿತ್ತುವ ಹೊತ್ತಿಗೆ, ಮೃಗಶಿರಾ ಮಳೆಯ ಜೊತೆ ಬರುತ್ತದೆ. ಬೆನ್ ಯಿಜು ಬರೀ ವ್ಯಾಪಾರಿಯಲ್ಲ. ಶಾಸ್ತ್ರ ಬಲ್ಲವನು, ಚೆಲುವಾದ ಅಕ್ಷರದ ಲಿಪಿಕಾರ, ಹೀಬ್ರೂ ಪದ್ಯಗಳನ್ನೂ ಬರೆದವನು. ಹಡಗು ಬಾರದ ತಿಂಗಳುಗಳಲ್ಲಿ ಅಂಥವನಿಗೆ ದಿನ ಎಣಿಸುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಶಾವೂತ್ ದಿನ ಓದುವ ಇನ್ನೊಂದು ಪುಸ್ತಕ ರೂತಳ ಕಥೆ. ನಾಲ್ಕೇ ಅಧ್ಯಾಯದ್ದು. ಬರಗಾಲದಲ್ಲಿ ಬೆತ್ಲೆಹೇಮ್ ಬಿಟ್ಟು ಮೋವಾಬ್ ದೇಶಕ್ಕೆ ಹೋದ ನೊವೊಮಿ ಅಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಊರಿಗೆ ಹೊರಡುತ್ತಾಳೆ. ಮೋವಾಬಿನವಳೇ ಆದ ಸೊಸೆ ರೂತಳು ಅತ್ತೆಯನ್ನು ಬಿಡದೆ ಹಿಂಬಾಲಿಸುತ್ತಾಳೆ. ಅತ್ತೆಯ ಜನವೇ ತನ್ನ ಜನ, ಅತ್ತೆಯ ದೇವರೇ ತನ್ನ ದೇವರು ಎಂದು ಒಪ್ಪಿಕೊಳ್ಳುತ್ತಾಳೆ. ಕೊಯ್ಲಿನ ಗದ್ದೆಯಲ್ಲಿ ಬಿದ್ದ ತೆನೆ ಆಯ್ದು ಅತ್ತೆಯನ್ನು ಸಾಕುತ್ತಾಳೆ. ಗದ್ದೆಯ ಒಡೆಯ ಬೋವಜ ಅವಳ ಕೈಹಿಡಿಯುತ್ತಾನೆ. ಅವಳ ಮರಿಮಗನೇ ರಾಜ ದಾವೀದ. ಪರನಾಡಿನಿಂದ ಬಂದ ಹೆಣ್ಣು ತಾನಾಗಿ ಆ ಧರ್ಮವನ್ನು ಒಪ್ಪಿಕೊಂಡ ಕಥೆಯಾದ್ದರಿಂದ, ಜನವೆಲ್ಲ ತೋರಾವನ್ನು ಒಪ್ಪಿಕೊಂಡ ದಿನಕ್ಕೆ ಅದು ಹೊಂದುತ್ತದೆ.

ಇನ್ನು ಮಂಗಳೂರಿಗೆ ಬನ್ನಿ. 1132ರ ಅಕ್ಟೋಬರ್ 17ರ ತಾರೀಕಿನ ಒಂದು ಪತ್ರ ಆ ಕಾಗದಗಳ ನಡುವೆ ಇದೆ. ಅದರಲ್ಲಿ ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ್ದಾನೆ. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು ಬಂತು, ಆಶೀರ್ವಾದ ಎಂದರ್ಥ. ಅವಳೇ ಅವನ ಹೆಂಡತಿಯಾಗಿ ಮಕ್ಕಳ ತಾಯಿಯಾದಳೆಂಬುದು ವಿದ್ವಾಂಸರ ಬಲವಾದ ಅಭಿಪ್ರಾಯ. ರೂತಳ ಕಥೆಗೆ ಈ ಕರಾವಳಿಯಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಒಂದು ವ್ಯತ್ಯಾಸವನ್ನು ಮರೆಯಬಾರದು. ರೂತಳು ತನ್ನ ಬಾಯಿಂದ ‘ಬರುತ್ತೇನೆ’ ಎಂದವಳು. ಆಶು ಏನೆಂದಳೆಂಬುದಕ್ಕೆ ಕಾಗದವಿಲ್ಲ. ಇರುವುದು ಒಡೆಯ ಬರೆದುಕೊಟ್ಟ ಪತ್ರ.

ಎರಡನೆಯ ಸಲ ಈ ಹಬ್ಬದ ಕಥೆ ಹಾದುಹೋದದ್ದು ಆರೂವರೆ ಶತಮಾನ ಕಳೆದ ಮೇಲೆ, ಕಡಲ ದಾರಿಯಲ್ಲಿ. ಉತ್ತರ ಕೊಂಕಣದ, ಈಗಿನ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ ಗಾಣ ಆಡಿಸುತ್ತ ಬದುಕಿದ್ದ ಜನ ಬೆನೆ ಇಸ್ರಾಯೇಲರು. ಮರಾಠಿ ಆಡುವವರು. ಶನಿವಾರ ಗಾಣ ಹೂಡುವುದಿಲ್ಲವೆಂದು ನೆರೆಯವರು ಅವರನ್ನು ‘ಶನಿವಾರ ತೇಲಿ’ ಎನ್ನುತ್ತಿದ್ದರು. ಅವರ ಹಬ್ಬಗಳ ಹೆಸರುಗಳು ಅಡುಗೆಮನೆಯ ವಾಸನೆಯವು: ಪಾಯಸದ ಹಬ್ಬಕ್ಕೆ ‘ಖೀರಿಚಾ ಸಣ’, ಅವರೆಯ ಬಿರಡೆಯಿಂದ ‘ಬಿರಡ್ಯಾಚಾ ಸಣ’, ಬಾಗಿಲು ಮುಚ್ಚಿ ಉಪವಾಸ ಕೂರುವ ದಿನ ‘ದಾರ್ ಫಾಳಣ್ಯಾಚಾ ಸಣ’. ಇಂಥವು ಬಾಯಿಂದ ಬಾಯಿಗೆ, ಒಲೆಯಿಂದ ಒಲೆಗೆ ಉಳಿದುಬಂದವು. ಹಾಗೆ ಉಳಿಯದೆ ಹೋದದ್ದು ಗ್ರಂಥ. ಸುರುಳಿ ಇರಲಿಲ್ಲ, ಓದಬಲ್ಲವರಿರಲಿಲ್ಲ, ಸಿನಗಾಗೂ ಇರಲಿಲ್ಲ.

ಈ ಸಮುದಾಯದ ಸಾಮಾಜಿ ಹಸ್ಸಾಜಿ ದಿವೇಕರ್, ಅಂದರೆ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್, ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾದ. ‘ನೀವು ಯಾರು’ ಎಂಬ ಪ್ರಶ್ನೆಗೆ ‘ಬನಿ ಇಸ್ರಾಯೇಲ್’ ಎಂಬ ಉತ್ತರ ಬಂದಾಗ, ಕುರಾನಿನಲ್ಲಿ ಹೆಸರಿರುವ ಜನ ಇನ್ನೂ ಇದ್ದಾರೆಯೇ ಎಂದು ಬೆರಗಾದ ಟಿಪ್ಪುವಿನ ತಾಯಿ ಅವನ ಜೀವ ಉಳಿಸಿದಳೆಂದು ಬೆನೆ ಇಸ್ರಾಯೇಲರು ಹೇಳುತ್ತ ಬಂದಿದ್ದಾರೆ. ಬಿಡುಗಡೆಯಾದರೆ ಸಿನಗಾಗ್ ಕಟ್ಟಿಸುತ್ತೇನೆಂದು ಸೆರೆಯಲ್ಲಿ ಅವನು ಹರಕೆ ಹೊತ್ತಿದ್ದನಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಮುಂಬಯಿಯ ಮಾಂಡವಿಯಲ್ಲಿ 1796ರಲ್ಲಿ ಸಿನಗಾಗ್ ಎದ್ದದ್ದು ನಿಜ. ಆ ಊರಿನ ಮೊದಲ ಸಿನಗಾಗ್ ಅದೇ; ಬೀದಿಗೆ ಇಂದಿಗೂ ಸ್ಯಾಮುಯೆಲ್ ಎಂದೇ ಹೆಸರು. ಕಟ್ಟಡವೇನೋ ಆಯಿತು. ಒಳಗಿಡಲು ಸುರುಳಿ ಬೇಕಲ್ಲ? ಅದನ್ನು ತರಲು ದಿವೇಕರ್ ಕೊಚ್ಚಿಗೆ ಹೋದ. 1797ರಲ್ಲಿ ಅಲ್ಲಿಯೇ ತೀರಿಕೊಂಡ. ಮುಂಬಯಿಯಿಂದ ಕೊಚ್ಚಿಗೆ ಹೋಗುವ ಹಡಗಿನ ದಾರಿ ಕಾರವಾರ, ಹೊನ್ನಾವರ, ಭಟ್ಕಳಗಳ ಎದುರಿನದೇ. ಮೈಸೂರಿನ ಸೆರೆಯಲ್ಲಿ ಹೊತ್ತ ಹರಕೆ ಗ್ರಂಥವನ್ನು ಹುಡುಕಿಕೊಂಡು ಈ ತೀರವನ್ನು ದಾಟಿ ಹೋಯಿತು.

ಕೊಚ್ಚಿಯಲ್ಲಿ ಗ್ರಂಥಕ್ಕೆ ಕೊರತೆಯಿರಲಿಲ್ಲ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ 1568ರದು. ಅರಮನೆಯ ಪಕ್ಕದಲ್ಲೇ ಇದೆ. ಚೀನಾದಿಂದ ಬಂದ ನೀಲಿ ಚಿತ್ತಾರದ ಬಿಳಿ ಹಂಚುಗಳ ನೆಲ, ತೂಗುವ ದೀಪಗಳು, ನಡುವೆ ಹಿತ್ತಾಳೆ ಕಟಾಂಜನದ ಓದುವ ವೇದಿಕೆ, ಹೊರಗೆ 1760ರ ಗಡಿಯಾರ ಗೋಪುರ. ಕೇರಳದ ಸಿನಗಾಗ್‌ಗಳಲ್ಲಿ ಚಪ್ಪಲಿ ಬಿಟ್ಟು ಒಳಹೋಗುವುದು 
ರೂಢಿ. ಹೆಂಗಸರು ಮಲಯಾಳದಲ್ಲೇ ಯಹೂದ್ಯ ಹಾಡುಗಳನ್ನು ಕಟ್ಟಿ, ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮದುವೆ ಹಬ್ಬಗಳಲ್ಲಿ ಹಾಡುತ್ತಿದ್ದರು. ಕ್ರಿ.ಶ. 1000ದ ಸುಮಾರಿಗೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನಿಗೆ ಕೊಟ್ಟ ತಾಮ್ರಶಾಸನ ಈ ಸಮುದಾಯದ ಹೆಮ್ಮೆ. ಭಾರತದ ನೆಲದಲ್ಲಿ ಯಹೂದ್ಯರು ನೆರೆಯವರ ಹಿಂಸೆಗೆ ಗುರಿಯಾಗದೆ ಬಾಳಿದರೆಂಬುದನ್ನು ಅವರೇ ಮತ್ತೆ ಮತ್ತೆ ಹೇಳಿದ್ದಾರೆ. ಪೋರ್ಚುಗೀಸರು ಕೊಟ್ಟ ಕಾಟದ ಲೆಕ್ಕ ಬೇರೆ.

ಯಾರೂ ಓಡಿಸದೆ ಅವರು ಹೋದರು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ, ಮುಖ್ಯವಾಗಿ 1950ರ ದಶಕದಲ್ಲಿ, ಕೇರಳದ ಸಿನಗಾಗ್‌ಗಳು ಒಂದೊಂದಾಗಿ ಖಾಲಿಯಾದವು. ಅವರಲ್ಲಿ ಕೆಲವರು ನೆಗೆವ್ ಮರುಭೂಮಿಯ ನೆವಾತಿಮ್ ಹಳ್ಳಿಯಲ್ಲಿ ಬೇಸಾಯಗಾರರಾದರು. ಚೇಂದಮಂಗಲಂ, ಪರವೂರಿನ ಸಿನಗಾಗ್‌ಗಳು ಈಗ ವಸ್ತುಸಂಗ್ರಹಾಲಯಗಳು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಮರಗೆಲಸ ಜೆರೂಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ. ಪರದೇಶಿ ಸಿನಗಾಗಿನ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. 2019ರಲ್ಲಿ ಯಹೂದ್ಯರ ಬೀದಿಯ ಕಸೂತಿ ಅಂಗಡಿಯ ಸಾರಾ ಕೋಹೆನ್ 96ನೆಯ ವಯಸ್ಸಿನಲ್ಲಿ ಹೋದರು. 2024ರ ಆಗಸ್ಟಿನಲ್ಲಿ ಕ್ವೀನಿ ಹಲ್ಲೇಗುವಾ ಹೋದರು. ಸ್ಥಳೀಯರಿಂದಲೇ ಹತ್ತು ಕೂಡುವುದು ನಿಂತುಹೋಗಿ ಬಹಳ ವರ್ಷಗಳಾದವು. ಎರ್ನಾಕುಲಂನಿಂದ ಬಂದವರು, ಹೊರದೇಶದ ಯಹೂದ್ಯ ಪ್ರವಾಸಿಗಳು ಸೇರಿದರೆ ಮಿನ್ಯಾನ್, ಇಲ್ಲದಿದ್ದರೆ ಇಲ್ಲ. ಪ್ರವಾಸಿಗಳು ಹೆಚ್ಚಾಗಿ ಬರುವುದು ಡಿಸೆಂಬರ್, ಜನವರಿಯ ಹಿತವಾದ ಹವೆಯಲ್ಲಿ. ಶಾವೂತ್ ಬರುವುದು ಬಿಸಿಲು ಉರಿಯುವಾಗ ಅಥವಾ ಮಳೆ ಹೊಡೆಯುವಾಗ.

ಎರ್ನಾಕುಲಂ ಮಾರುಕಟ್ಟೆಯ ಬಳಿ ಇನ್ನೊಂದು ಕಡವುಂಭಾಗಂ ಸಿನಗಾಗ್ ಇದೆ. ಬಹುಕಾಲ ಮುಚ್ಚಿದ್ದು, ಮುಂಭಾಗದಲ್ಲಿ ಅಲಂಕಾರದ ಮೀನು, ಹೂಗಿಡಗಳ ಅಂಗಡಿ ನಡೆಯುತ್ತಿತ್ತು. ಜೀರ್ಣೋದ್ಧಾರವಾಗಿ 2018ರಲ್ಲಿ ಹೊಸ ತೋರಾ ಸುರುಳಿಯೊಂದಿಗೆ ಮತ್ತೆ ತೆರೆಯಿತು. ಗಾಜಿನ ತೊಟ್ಟಿಗಳ ಸಾಲು ದಾಟಿ ಹೋದರೆ ಗ್ರಂಥ! ನಮ್ಮ ಬೆಂಗಳೂರಿನಲ್ಲಿ ಇದರ ತಿರುವು ಮುರುವು. ಅಲ್ಲಿ ಯಹೂದ್ಯರ ಹಳೆಯ ಗುರುತೆಂದರೆ ಮೈಸೂರು ರಸ್ತೆಯ ರುದ್ರಭೂಮಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1904ರಲ್ಲಿ ದೊರೆತ ಜಾಗ. ಸತ್ತವರಿಗೆ ಮೊದಲು ಸ್ಥಳವಾಯಿತು.

ಈಗ ಮತ್ತೆ ಪಂಚಮಿಗೆ. ಶ್ರುತಪಂಚಮಿಯ ಹಿನ್ನೆಲೆಯೂ ಗ್ರಂಥ ಕಳೆದುಹೋದೀತೆಂಬ ಭಯವೇ. ಜಿನವಾಣಿ ಬಹುಕಾಲ ಬಾಯಿಪಾಠವಾಗಿ ಉಳಿದಿತ್ತು. ಬಲ್ಲವರು ಕಡಿಮೆಯಾಗುತ್ತ ಬಂದರು. ಗಿರಿನಾರದ ಗುಹೆಯಲ್ಲಿದ್ದ ವೃದ್ಧ ಆಚಾರ್ಯ ಧರಸೇನರು ತಮ್ಮೊಡನೆ ಅದೂ ಹೋಗದಿರಲೆಂದು ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿ ಕಲಿಸಿದರು. ಅವರೇ ಪುಷ್ಪದಂತ ಮತ್ತು ಭೂತಬಲಿ. ಅವರು ಬರೆದ ಷಟ್ಖಂಡಾಗಮ ಪೂರ್ಣವಾಗಿ ಪೂಜೆಗೊಂಡ ದಿನ ಜ್ಯೇಷ್ಠ ಶುದ್ಧ ಪಂಚಮಿ. ಪುಷ್ಪದಂತರು ಮೊದಲ ಸೂತ್ರಗಳನ್ನು ರಚಿಸಿದ್ದು ವನವಾಸ ದೇಶದಲ್ಲಿ ಎಂದು ಸಂಪ್ರದಾಯ. ಅಂದರೆ ಇದೇ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯ ಸೀಮೆ. ಅದರ ಮೇಲೆ ವೀರಸೇನರು ಬರೆದ ಧವಲಾ ಟೀಕೆಯ ತಾಡಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಉಳಿದದ್ದು ಮೂಡುಬಿದಿರೆಯಲ್ಲಿ. ಶತಮಾನಗಳ ಕಾಲ ಅವು ದರ್ಶನಕ್ಕಷ್ಟೇ ಇದ್ದವು. ಪ್ರತಿ ಮಾಡಿ ಅಚ್ಚುಹಾಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಸಂಪುಟಗಳು ಹೊರಬಂದವು.

ಭಟ್ಕಳದ ಹೆಸರೇ ಭಟ್ಟಾಕಲಂಕನಿಂದ ಬಂತೆಂದು ಒಂದು ಪ್ರತೀತಿ ಉಂಟು. 1604ರಲ್ಲಿ 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ‘ಕರ್ಣಾಟಕ ಶಬ್ದಾನುಶಾಸನ’ ಎಂಬ ವ್ಯಾಕರಣ ಬರೆದ ಜೈನ ವಿದ್ವಾಂಸ ಅವನು. ಪೇಟೆಯೊಳಗಿನ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಈಗ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಒಳನಾಡಿನ ಹಾಡುವಳ್ಳಿ ಒಮ್ಮೆ ಸಂಗೀತಪುರವೆಂಬ ರಾಜಧಾನಿ. ಹೊನ್ನಾವರದ ಗೇರುಸೊಪ್ಪೆಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ. ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲದ ಜೈನ ಜನಸಂದಣಿ ಇಂದು ಎರಡೂ ಕಡೆ ಇಲ್ಲ. ಆದರೆ ಬಸದಿಯ ಪೂಜೆಗೆ ಹತ್ತು ಜನ ಕೂಡಲೇಬೇಕೆಂಬ ನಿಯಮವಿಲ್ಲ. ದೀಪ ಹಚ್ಚುವ ಒಬ್ಬರಿದ್ದರೆ ನಡೆಯುತ್ತದೆ.

ಶ್ರುತಪಂಚಮಿಯಂದು ಓಲೆಯ ಕಟ್ಟುಗಳನ್ನು ಹೊರತೆಗೆದು, ದೂಳು ಒರೆಸಿ, ಬಿಸಿಲು ಕಾಣಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುವುದು ವಾಡಿಕೆ. ಹಬ್ಬ ಗೊತ್ತುಮಾಡಿದವರು ಒಣ ಹವೆಯ ನಾಡಿನವರಿರಬೇಕು. ಕರಾವಳಿಯಲ್ಲಿ ಆ ಹೊತ್ತಿಗೆ ಬಿಸಿಲೇ ಇರುವುದಿಲ್ಲ. ಗಾಳಿಯಲ್ಲಿ ತೇವ ತುಂಬಿ ಓಲೆಗೆ ಬೂಷ್ಟು ಹಿಡಿಯುವ ಕಾಲ ಅದು. ಇಲ್ಲಿ ಓಲೆಗರಿ ಕಾಯುವವರು ಮಳೆಗೆ ಮೊದಲೇ ಬಿಸಿಲು ಕಾಣಿಸಿ, ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ, ಬಿಗಿಯಾಗಿ ಕಟ್ಟಿಡುವುದು ಒಳ್ಳೆಯದು. ಆಮೇಲೆ ಪಂಚಮಿಯ ದಿನ ಮೇಲಿನ ಬಟ್ಟೆಯನ್ನಷ್ಟೇ ಬದಲಿಸಿದರೂ ಆದೀತು.